ಮೈಕಿನ ಮುಂದೆ ತಕ್ಕಡಿ

ತೊಗರಿ ರಾಶಿ ಮುಗಿದಿತ್ತು. 2025ರ ಫೆಬ್ರುವರಿಯ ಒಂದು ದಿನ ಭೀಮಾ ದಂಡೆಯ ಕಡೆಯ ಒಂದು ಕಾಲೇಜಿಗೆ ಚರ್ಚಾ ಸ್ಪರ್ಧೆಯ ತೀರ್ಪುಗಾರನಾಗಿ ಹೋಗಿದ್ದೆ. ಮೂವರು ತೀರ್ಪುಗಾರರು, ಹದಿನಾಲ್ಕು ಮಕ್ಕಳು, ಒಂದು ಮೈಕು. ವಿಷಯ: ‘ಬೆಂಬಲ ಬೆಲೆಯಿಂದ ತೊಗರಿ ಬೆಳೆಗಾರರ ಕಷ್ಟ ತೀರುತ್ತದೆ’. ಆ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ್ದು ಕ್ವಿಂಟಲ್‌ಗೆ 7,550 ರೂಪಾಯಿ. ರಾಜ್ಯ ಸರ್ಕಾರ ಅದರ ಮೇಲೆ 450 ಸೇರಿಸಿತ್ತು. ಕೇಳಲು ಕೂತವರಲ್ಲಿ ಬಹಳ ಜನರ ಮನೆಯಲ್ಲಿ ಇನ್ನೂ ತೊಗರಿ ಚೀಲ ಇದ್ದವು. ಪುಸ್ತಕದಿಂದ ಎತ್ತಿಕೊಂಡ ವಿಷಯ ಅದಾಗಿರಲಿಲ್ಲ, ಅವರ ಊಟದ ವಿಷಯವಾಗಿತ್ತು.

ಪರವಾಗಿ ಮಾತಾಡಿದ ಹುಡುಗ ‘ರೈತ ಈ ದೇಶದ ಬೆನ್ನೆಲುಬು’ ಎಂದು ಎತ್ತಿಕೊಂಡ. ಬೆನ್ನೆಲುಬು ಮುರಿದರೆ ದೇಹ ನಿಂತೀತೇ ಎಂದು ಕೇಳಿದ. ಮುಷ್ಟಿ ಬಿಗಿದ, ದನಿ ಏರಿಸಿದ, ತಗ್ಗಿಸಿದ, ಕೊನೆಗೆ ಕಣ್ಣಲ್ಲಿ ನೀರೂ ತಂದುಕೊಂಡ. ನಾಲ್ಕು ಸಲ ಚಪ್ಪಾಳೆ ಬಿತ್ತು.

ಅವನ ಬೆನ್ನಿಗೇ ವಿರೋಧವಾಗಿ ಮಾತಾಡಲು ಬಂದ ಹುಡುಗಿಗೆ ಮೈಕು ಎತ್ತರವಾಯಿತು. ಯಾರೂ ಎದ್ದು ಇಳಿಸಲಿಲ್ಲ. ಕತ್ತು ಎತ್ತಿಕೊಂಡೇ ಶುರುಮಾಡಿದಳು. ಎರಡು ವಾಕ್ಯ ಪುಸ್ತಕದ ಕನ್ನಡ ನಡೆಯಿತು, ಮೂರನೆಯದಕ್ಕೆ ಮನೆಯ ಕನ್ನಡ ಬಂತು. “ನಮ್ಮನ್ಯಾಗ ಈ ಸಲ ಹನ್ನೊಂದು ಕ್ವಿಂಟಲ್ ಆತ್ರಿ. ಬೆಲೆ ಹೇಳಿದ್ದು ಬಿತ್ತಿಗೆ ವ್ಯಾಳ್ಯಾದಾಗ. ರಾಶಿ ಆಗಿದ್ದು ಡಿಸೆಂಬರ್‌ನ್ಯಾಗ. ಖರೀದಿ ಕೇಂದ್ರದಾಗ ನಮ್ಮ ಪಾಳಿ ಬರೋದ್ರಾಗ ಎಂಟು ಕ್ವಿಂಟಲ್ ಅಡತಿ ಅಂಗಡಿಗೆ ಹೋಗಿತ್ತು. ಯಾಕಂದ್ರ ಬೀಜ, ಗೊಬ್ಬರದ ಸಾಲ ಅಲ್ಲೇ ಇತ್ತು. ಸರ್ಕಾರದ ಬೆಲೆ ಸಿಕ್ಕಿದ್ದು ಮೂರಕ್ಕ. ಹಂಗಾದ್ರ ನಮ್ಮ ಕಷ್ಟ ಬೆಲೆದೋ, ತಾರೀಖಿಂದೋ?” ಅಷ್ಟು ಹೇಳಿ, ಸಮಯ ಇನ್ನೂ ಇದ್ದರೂ, ಇಳಿದು ಹೋದಳು. ಚಪ್ಪಾಳೆ ಬೀಳಲಿಲ್ಲ. ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು.

ನಮ್ಮ ಕೈಯಲ್ಲಿ ಅಂಕಪಟ್ಟಿ ಇತ್ತು. ಧ್ವನಿಗೆ 10, ಹಾವಭಾವಕ್ಕೆ 10, ಭಾಷಾಶುದ್ಧಿಗೆ 10, ಸಮಯಪಾಲನೆಗೆ 10, ವಿಷಯಕ್ಕೆ 10. ಹುಡುಗನಿಗೆ ಮೊದಲ ಬಹುಮಾನ ಬಂತು. ಹುಡುಗಿಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ. ಶುದ್ಧ ಭಾಷೆಯಲ್ಲಿ ಒಂದು, ಸಮಯದಲ್ಲಿ ಇನ್ನೊಂದು ಎಂದು ನಾನೇ ಅಂಕ ಕಳೆದಿದ್ದೆ. ಹೊರಗೆ ಚಹಾ ಕುಡಿಯುತ್ತಿದ್ದಾಗ ಅವಳ ಮುತ್ಯಾ ಹತ್ತಿರ ಬಂದರು. ತಕರಾರು ತೆಗೆಯಲು ಬಂದವರಲ್ಲ. “ಸರ, ಆ ಹುಡುಗ ಭಾರಿ ಮಾತಾಡ್ದ, ಖರೇ. ಏನಂದ ಅಂವ?” ಎಂದರು. ನಾನು ಬಾಯಿ ತೆರೆದೆ. ಅವನ ಮುಷ್ಟಿ ನೆನಪಿತ್ತು, ದನಿ ನೆನಪಿತ್ತು. ಅವನು ಹೇಳಿದ್ದೇನು ಎಂಬುದು ಮಾತ್ರ ನೆನಪಿಗೆ ಬರಲಿಲ್ಲ.

ಆ ದಿನ ಸೋತದ್ದು ಒಂದು ಹುಡುಗಿ ಎಂದಷ್ಟೇ ಆಗಿದ್ದರೆ ಇದನ್ನು ಬರೆಯಬೇಕಿರಲಿಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಯಲ್ಲಿ ವೇದಿಕೆ ಹತ್ತುವವರು, ಹತ್ತಿಸುವವರು, ಹತ್ತಲು ಕಲಿಸುವವರು ಎಲ್ಲರೂ ಗಂಟು ಕಟ್ಟಿಟ್ಟುಕೊಂಡ ಒಂದು ನಂಬಿಕೆ ಇದೆ: ಮಂದಿಗೆ ಲೆಕ್ಕ ಬೇಡ, ಆವೇಶ ಬೇಕು. ನಮ್ಮ ಅಂಕಪಟ್ಟಿ ಆ ನಂಬಿಕೆಯ ಮಗು. ನನ್ನ ಜಗಳ ಇರುವುದು ಈ ನಂಬಿಕೆಯ ಜೊತೆ.

ಜಗಳಕ್ಕೂ ಒಂದು ಕ್ರಮ ಇದೆ. ಎದುರಾಳಿಯ ಮಾತನ್ನು ಮೊದಲು ಪೂರ್ತಿಯಾಗಿ ಮುಂದಿಟ್ಟು, ಆಮೇಲೆ ಅದನ್ನು ಕೆಡವಬೇಕು. ಪೂರ್ವಪಕ್ಷ ಮೊದಲು, ಸಿದ್ಧಾಂತ ನಂತರ. ಇದನ್ನು ಹೇಳಿಕೊಡಲು ದೂರದವರು ಬೇಕಿಲ್ಲ. ಹನ್ನೆರಡನೆಯ ಶತಮಾನದ ಹೊತ್ತಿಗೆ ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರ ಇದೇ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ನಾವು ಹೆಮ್ಮೆಪಡುತ್ತೇವೆ. ಆಸ್ತಿಯಲ್ಲಿ ಮಗನ ಹಕ್ಕು ಹುಟ್ಟಿನಿಂದ ಬರುತ್ತದೋ ತಂದೆಯ ನಂತರ ಬರುತ್ತದೋ ಎಂಬ ಪ್ರಶ್ನೆಯನ್ನು ಅವನು ಎತ್ತಿಕೊಂಡಾಗ, ಒಪ್ಪದವರ ಕಾರಣಗಳನ್ನು ಮೊದಲು ಸಾಲಾಗಿ ಹೇಳಿ, ಒಂದೊಂದಕ್ಕೂ ಉತ್ತರ ಕೊಟ್ಟು ಮುಂದೆ ಹೋಗುತ್ತಾನೆ. ಆ ಉತ್ತರಗಳು ಶತಮಾನಗಳನ್ನು ದಾಟಿ ಬ್ರಿಟಿಷರ ಕೋರ್ಟಿನವರೆಗೂ ನಡೆದವು. ಅವನ ಹೆಸರಿನ ಭವನ ಕಟ್ಟಿದವರಿಗೆ ಅವನ ಕ್ರಮವನ್ನು ವೇದಿಕೆಗೆ ತರಲು ಆಗಲಿಲ್ಲ.

ಹಾಗಾಗಿ ಪೂರ್ವಪಕ್ಷ ಮೊದಲು. ಆವೇಶವಾದಿಗಳು ಹೇಳುವುದರಲ್ಲಿ ಹುರುಳಿಲ್ಲದಿಲ್ಲ. ಏಪ್ರಿಲ್ ತಿಂಗಳ ನಲವತ್ತೆರಡು ಡಿಗ್ರಿ ಬಿಸಿಲು. ಟಂಟಂ, ಟ್ರ್ಯಾಕ್ಟರ್‌ಗಳಲ್ಲಿ ತುಂಬಿಕೊಂಡು ಬಂದ ಜನ. ಸಾಹೇಬರು ಮೂರು ತಾಸು ತಡ. ಸ್ಪೀಕರಿನಲ್ಲಿ ಪದ ಹರಿಯುತ್ತದೆ, ಹಿಂದಿನ ಸಾಲಿಗೆ ಅರ್ಧ ಕೇಳಿಸುವುದಿಲ್ಲ. ಅಂಥಲ್ಲಿ ನೀನು ಕೋಷ್ಟಕ ಓದಿದರೆ ಯಾರು ಕೇಳಬೇಕು? ಮನುಷ್ಯ ಲೆಕ್ಕ ಮಾಡಿ ಮನಸ್ಸು ಬದಲಿಸುವುದಿಲ್ಲ, ಮನಸ್ಸು ಬದಲಾದ ಮೇಲೆ ಲೆಕ್ಕ ಹುಡುಕುತ್ತಾನೆ. ಜನ ಮನೆಗೆ ಒಯ್ಯುವುದು ಒಂದು ಸಾಲು, ಒಂದು ಪೆಟ್ಟು, ಒಂದು ನಗು. ಗೆದ್ದವರನ್ನು ನೋಡು, ಸೋತವರನ್ನು ನೋಡು. ಗಂಟಲು ಇದ್ದವರೇ ಗೆದ್ದಿದ್ದಾರೆ. ಇದು ಅವರ ವಾದ. ಇದರ ಹಿಂದೆ ಬಾಯಿಬಿಟ್ಟು ಹೇಳದ ಇನ್ನೊಂದು ಮಾತಿದೆ: ನಮ್ಮ ಭಾಗದ ಜನ ಮುಗ್ಧರು, ಓದಿದ್ದು ಕಡಿಮೆ, ವಾದದ ಎಳೆ ಹಿಡಿಯುವುದು ಅವರಿಂದ ಆಗದು.

ಕೊನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದದ್ದೆಲ್ಲ ನಿಂತಿರುವುದು ಅದರ ಮೇಲೆ.

ಯಾವುದಾದರೂ ಜಾತ್ರೆಯ ರಾತ್ರಿ ಹರದೇಶಿ-ನಾಗೇಶಿ ಹಾಡಿಕೆಗೆ ಹೋಗಿ ಕೂಡಿ. ಒಂದು ಮೇಳ ಶಿವ ಹೆಚ್ಚು, ಗಂಡು ಹೆಚ್ಚು ಎಂದು ಸಾಧಿಸಬೇಕು. ಇನ್ನೊಂದು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂದು. ಹರದೇಶಿಯವನು ದಪ್ಪು ಬಡಿದು ಒಂದು ಸವಾಲು ಒಗೆಯುತ್ತಾನೆ; ಬೀಜವಿಲ್ಲದೆ ಬೆಳೆ ಎಲ್ಲಿಂದ ಬಂತು ಎಂಬ ಧಾಟಿಯದು. ನಾಗೇಶಿಯವಳು ತಿರುಗಿ, ಬೀಜ ಊರಲು ಮೊದಲು ನೆಲ ಎಲ್ಲಿತ್ತು ಹೇಳು ಎನ್ನುತ್ತಾಳೆ. ಅವನು ಪುರಾಣದಿಂದ ಸಾಕ್ಷಿ ತರುತ್ತಾನೆ. ಅವಳು ಅದೇ ಪುರಾಣದ ಮುಂದಿನ ಅಧ್ಯಾಯ ತೆಗೆದು ಅವನ ಸಾಕ್ಷಿಯನ್ನು ಅವನ ಮೇಲೆಯೇ ತಿರುಗಿಸುತ್ತಾಳೆ. ಹೀಗೆ ಬೆಳಗಿನ ಜಾವದವರೆಗೆ. ಕೇಳುವವರು ಕೂಲಿಯವರು, ಕುರಿ ಕಾಯುವವರು, ಹೊಲದಿಂದ ನೆಟ್ಟಗೆ ಬಂದವರು. ಹಾಡುವವರ ದನಿ ಚೆನ್ನಾಗಿದ್ದರೆ ತಲೆದೂಗುತ್ತಾರೆ. ಆದರೆ ಸವಾಲಿಗೆ ಉತ್ತರ ಕೊಡದೆ ಬೇರೆ ಪದ ಹಾಡಿ ಜಾರಿಕೊಳ್ಳಲು ನೋಡಿದರೆ ಮುಗಿಯಿತು. ಕೇಳಿದ್ದಕ್ಕ ಜವಾಬು ಕೊಡು ಅಂತ ಕಂಬಳಿಯೊಳಗಿಂದಲೇ ಒಬ್ಬ ಕೂಗುತ್ತಾನೆ.

ಆ ಕೂಗನ್ನು ನಾನು ಗೌರವಿಸುತ್ತೇನೆ. ತರ್ಕಶಾಸ್ತ್ರದ ಪುಸ್ತಕ ‘ಅಪ್ರಸ್ತುತ’ ಎಂದು ಹೆಸರಿಟ್ಟು ಒಂದು ಅಧ್ಯಾಯ ಬರೆಯುವ ದೋಷವನ್ನು ಅವನು ರಾತ್ರಿ ಎರಡು ಗಂಟೆಗೆ, ತೂಕಡಿಸುತ್ತಲೇ, ಹಿಡಿದಿರುತ್ತಾನೆ. ಇವನು ಹಗಲು ರಾಜಕೀಯ ಸಭೆಗೆ ಬಂದಾಗ ಮುಗ್ಧನಾಗಿಬಿಡುತ್ತಾನೆಯೇ? ಅಡತಿ ಅಂಗಡಿಯಲ್ಲಿ ತೇವ ಇದೆ ಎಂದು ತೂಕದಲ್ಲಿ ಕಡಿತ ಹೇಳಿದರೆ ಒಂದು ಕಾಳು ಕಚ್ಚಿ, ಕಟ್ ಎಂದ ಶಬ್ದವನ್ನು ವ್ಯಾಪಾರಿಗೆ ಕೇಳಿಸಿ, “ಇದ್ರಾಗ ಎಲ್ಲಿ ಐತ್ರಿ ತೇವ?” ಎಂದು ಕೇಳುವವನೂ ಇವನೇ. ಪುರಾವೆ ಕೇಳುವುದು ಇವನ ರೂಢಿ. ಸಭೆಯಲ್ಲಿ ಇವನು ಕೇಳುವುದಿಲ್ಲ, ಯಾಕೆಂದರೆ ಅಲ್ಲಿ ಕೇಳುವ ಪಾಳಿಯನ್ನು ಯಾರೂ ಇವನಿಗೆ ಕೊಟ್ಟಿಲ್ಲ. ಮೈಕು ಒಂದೇ ಕಡೆ ಇದೆ. ಕೇಳಲು ಅವಕಾಶ ಕೊಡದೆ, ಅವನಿಗೆ ಕೇಳಲು ಬರುವುದಿಲ್ಲ ಎನ್ನುವುದು ಯಾವ ನ್ಯಾಯ?

ಇದೇ ಜಿಲ್ಲೆಯ ಮಳಖೇಡದಲ್ಲಿ ರಾಷ್ಟ್ರಕೂಟರ ಕಾಲಕ್ಕೆ, ಸುಮಾರು 850ರಲ್ಲಿ, ಹುಟ್ಟಿದ ‘ಕವಿರಾಜಮಾರ್ಗ’ ಈ ನಾಡಿನ ಜನರನ್ನು ಹೊಗಳುವ ಪದ್ಯವನ್ನು ಪ್ರತಿ ನವೆಂಬರಿನಲ್ಲಿ ನಾವು ವೇದಿಕೆಯಿಂದ ಹೇಳುತ್ತೇವೆ. ಓದದೆಯೂ ಕಾವ್ಯ ಬಲ್ಲವರು ಎಂಬ ಭಾಗಕ್ಕೆ ಚಪ್ಪಾಳೆ ಗಿಟ್ಟುತ್ತದೆ. ಅದೇ ಪದ್ಯ ಜನರಲ್ಲಿ ಎರಡು ಶಕ್ತಿಗಳನ್ನು ಬೇರೆ ಬೇರೆಯಾಗಿ ಎಣಿಸುತ್ತದೆ ಎಂಬುದು ಮರೆತುಹೋಗಿದೆ. ಹದವರಿತು ಮಾತಾಡಬಲ್ಲರು ಎಂಬುದು ಒಂದು. ಇನ್ನೊಬ್ಬರು ಆಡಿದ್ದನ್ನು ತಿಳಿದು ವಿಚಾರಿಸಬಲ್ಲರು ಎಂಬುದು ಇನ್ನೊಂದು. ಎರಡನೆಯದು ಕೇಳುಗನ ಶಕ್ತಿ. ಸಾವಿರದ ನೂರು ವರ್ಷಕ್ಕೂ ಹಿಂದೆ ಒಬ್ಬ ಗ್ರಂಥಕಾರ ಕೇಳುಗನಿಗೆ ಕೊಟ್ಟ ಈ ಮರ್ಯಾದೆಯನ್ನು ಇವತ್ತಿನ ಭಾಷಣಕಾರ ಕಿತ್ತುಕೊಂಡಿದ್ದಾನೆ.

ಎರಡನೆಯ ವಾದಕ್ಕೆ ಬರೋಣ: ಆವೇಶ ಕೆಲಸ ಮಾಡುತ್ತದೆ. ಯಾವ ಕೆಲಸ? ಭೀಮಾ ನದಿಯನ್ನೇ ತೆಗೆದುಕೊಳ್ಳಿ. 2020ರ ಅಕ್ಟೋಬರಿನಲ್ಲಿ ಹೊಳೆ ಉಕ್ಕಿ ಅಫಜಲಪುರ, ಜೇವರ್ಗಿ ದಂಡೆಯ ಊರುಗಳಿಗೆ ನುಗ್ಗಿತು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ನುಗ್ಗಿತು. ಎರಡರ ನಡುವಿನ ಬೇಸಿಗೆಗಳಲ್ಲಿ ಹೊಳೆ ಒಣಗಿ, ಮೇಲಿನಿಂದ ನೀರು ಬಿಡಿಸಿ ಎಂದು ಅಫಜಲಪುರದಲ್ಲಿ ಧರಣಿ ಕೂತದ್ದೂ ಉಂಟು. ಇದರ ಮೇಲೆ ಒಂದು ಭಾಷಣ ಸಿದ್ಧವಾಗಿದೆ, ಯಾರು ಬೇಕಾದರೂ ಎತ್ತಿಕೊಂಡು ಮಾಡಬಹುದು: ಕುಡಿಯಲು ಕೇಳಿದರೆ ಕೊಡುವುದಿಲ್ಲ, ಕೇಳದಿದ್ದಾಗ ಬಿಟ್ಟು ಮುಳುಗಿಸುತ್ತಾರೆ, ಎಲ್ಲ ಬೇಕಂತಲೇ. ಸಭೆ ಉರಿದೇಳುತ್ತದೆ. ಎಲ್ಲರೂ ಘೋಷಣೆ ಕೂಗಿ ಮನೆಗೆ ಹೋಗುತ್ತಾರೆ. ಮುಂದಿನ ಮಳೆಗೆ ಹೊಳೆ ಮತ್ತೆ ಬರುತ್ತದೆ.

ಅದೇ ಸಿಟ್ಟನ್ನು ಒಬ್ಬ ವಿಚಾರವಂತ ಹೇಗೆ ಹೇಳಬಹುದು ನೋಡಿ. ಮೇಲೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ ಭೀಮೆಗೆ ಕಟ್ಟಿದ ಉಜನಿ ಜಲಾಶಯದ ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ. ಅದರಲ್ಲಿ ಬಳಕೆಗೆ ಬರುವುದು ಅರ್ಧಕ್ಕಿಂತ ಕಡಿಮೆ. ಮೇಲಿನವರಿಗೂ ಬೇಸಿಗೆಯ ಭಯ ಇದೆ, ಆದ್ದರಿಂದ ಜಲಾಶಯವನ್ನು ಬೇಗ ತುಂಬಿಸಿ ಹಿಡಿದಿಡಲು ನೋಡುತ್ತಾರೆ. ತುಂಬಿದ ಮೇಲೆ ಸೆಪ್ಟೆಂಬರ್-ಅಕ್ಟೋಬರಿನ ಮಳೆ ಹೊಡೆದರೆ ಗೇಟು ಎತ್ತದೆ ದಾರಿ ಇಲ್ಲ. ನಮ್ಮ ಸೊನ್ನದ ಬ್ಯಾರೇಜಿನಲ್ಲಿ ಹಿಡಿಯುವುದು ಸುಮಾರು 3 ಟಿಎಂಸಿ. ಅದು ಆ ನೀರಿಗೆ ಅಡ್ಡ ನಿಲ್ಲಲಾರದು. ಇಷ್ಟಾದರೆ ಬೇಸಿಗೆಯ ಬರ, ಮಳೆಗಾಲದ ಮುಳುಗಡೆ ಎರಡೂ ಒಂದೇ ಕಾರಣದ ಎರಡು ತುದಿಗಳು ಎಂದು ಗೊತ್ತಾಗುತ್ತದೆ. ಜೊತೆಗೆ ಇನ್ನೊಂದು: ಸೀನಾ ನದಿ ಭೀಮೆಗೆ ಸೇರುವುದು ಉಜನಿಯ ಕೆಳಗೆ. ಸೀನಾ ಉಕ್ಕಿ ಬಂದ ನೀರಿಗೆ ಉಜನಿಯ ಗೇಟನ್ನು ಬೈದು ಏನು ಫಲ? ಹೀಗೆ ಹೇಳಿದವನ ಮಾತಿನ ಕೊನೆಗೆ ಬೇಡಿಕೆ ತಾನಾಗಿ ಹುಟ್ಟುತ್ತದೆ. ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಜಲಾಶಯದಲ್ಲಿ ಎಷ್ಟು ಜಾಗ ಖಾಲಿ ಇಡಬೇಕು? ಗೇಟು ಎತ್ತುವ ಎಷ್ಟು ತಾಸು ಮೊದಲು ದಂಡೆಯ ಗಾಣಗಾಪುರಕ್ಕೆ ಸುದ್ದಿ ಬರಬೇಕು? ಬೇಸಿಗೆಯಲ್ಲಿ ಎಷ್ಟು ನೀರು, ಯಾವ ತಾರೀಖಿಗೆ? ಇವನ್ನು ಬರೆದು ಒಬ್ಬ ಅಧಿಕಾರಿಯ ಮೇಜಿನ ಮೇಲೆ ಇಡಬಹುದು. ‘ಬೇಕಂತಲೇ’ ಎಂಬುದನ್ನು ಎಲ್ಲಿ ಇಡುತ್ತೀರಿ?

ಆವೇಶದ ಭಾಷಣ ಸಿಟ್ಟು ಹುಟ್ಟಿಸಿ ಅದನ್ನು ಬೀದಿಯಲ್ಲಿ ಬಿಟ್ಟು ಹೋಗುತ್ತದೆ. ವಿಚಾರದ ಭಾಷಣ ಆ ಸಿಟ್ಟಿಗೆ ವಿಳಾಸ ಬರೆದು ಕೊಡುತ್ತದೆ.

ಮೂರನೆಯದಾಗಿ, ಹಿಗ್ಗಿಸಿ ಹೇಳಿದರೆ ಮಾತು ಬಲವಾಗುತ್ತದೆ ಎಂಬ ಭ್ರಮೆ. ಇದಕ್ಕೆ ಆಳಂದದಂಥ ಉದಾಹರಣೆ ಇಡೀ ದೇಶದಲ್ಲಿ ಸಿಗಲಿಕ್ಕಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಒಬ್ಬ ಬೂತ್ ಮಟ್ಟದ ಅಧಿಕಾರಿಗೆ ತನ್ನ ಬಂಧುವಿನ ಹೆಸರೇ ಅದರಲ್ಲಿ ಕಂಡು ಅನುಮಾನ ಬಂತು. ಅರ್ಜಿ ಯಾರ ಹೆಸರಲ್ಲಿತ್ತೋ ಆ ನೆರೆಯವರಿಗೆ ಅದರ ಸುದ್ದಿಯೇ ಇರಲಿಲ್ಲ. ಪರಿಶೀಲಿಸಿದಾಗ ಸರಿಯಾದವು 24, ತಪ್ಪಾದವು 5,994. ಆ ವರ್ಷದ ಫೆಬ್ರುವರಿಯಲ್ಲಿ ಚುನಾವಣಾ ಅಧಿಕಾರಿಯ ದೂರಿನ ಮೇಲೆ ಆಳಂದದಲ್ಲಿ ಪ್ರಕರಣ ದಾಖಲಾಯಿತು. 2025ರ ಸೆಪ್ಟೆಂಬರಿನಲ್ಲಿ ವಿಷಯ ದೆಹಲಿಯ ಪತ್ರಿಕಾಗೋಷ್ಠಿಯವರೆಗೆ ಹೋಗಿ ಇಡೀ ದೇಶ ಆಳಂದದ ಹೆಸರು ಕೇಳಿತು. ಮಾಡಿದವರು ಯಾರು ಎಂಬುದು ತನಿಖೆಗೆ, ಕೋರ್ಟಿಗೆ ಬಿಟ್ಟದ್ದು. ನನ್ನ ಆಸಕ್ತಿ ಇರುವುದು ಈ ಅಂಕಿಗಳಿಗೆ ವೇದಿಕೆಯ ಮೇಲೆ ಏನಾಯಿತು ಎಂಬುದರಲ್ಲಿ.

ಒಂದು ಕಡೆಯವರ ಬಾಯಲ್ಲಿ ಅದು ‘ಆರು ಸಾವಿರ ಓಟು ಅಳಿಸಿದರು’ ಎಂದಾಯಿತು. ಅಳಿಸಲು ಅರ್ಜಿ ಹಾಕುವುದಕ್ಕೂ ಅಳಿಸುವುದಕ್ಕೂ ನಡುವೆ ಇರುವ ಹೊಲವನ್ನು ಒಂದೇ ಜಿಗಿತಕ್ಕೆ ದಾಟಿಬಿಟ್ಟರು. ಇನ್ನೊಂದು ಕಡೆಯವರ ಬಾಯಲ್ಲಿ ‘ತಪ್ಪಾಗಿ ಒಂದು ಹೆಸರೂ ಹೋಗಿಲ್ಲ, ಹಾಗಾಗಿ ಏನೂ ಆಗಿಲ್ಲ’ ಎಂದಾಯಿತು. ಕಳ್ಳ ಬೀಗ ಒಡೆಯುವಾಗ ನಾಯಿ ಬೊಗಳಿತು, ಅವನು ಓಡಿಹೋದ. ಮನೆಯಲ್ಲಿ ಏನೂ ಕಳೆದಿಲ್ಲ, ಆದ್ದರಿಂದ ಕಳ್ಳ ಬಂದೇ ಇಲ್ಲ ಎಂದಂತೆ. ಮೊದಲನೆಯ ಮಾತು ಸುಲಭಕ್ಕೆ ಸುಳ್ಳಾಗುತ್ತದೆ, ಅದನ್ನು ಸುಳ್ಳು ಮಾಡಿ ಎರಡನೆಯವರು ಗೆದ್ದಂತೆ ತೋರುತ್ತಾರೆ. ಅತಿಶಯೋಕ್ತಿ ಎದುರಾಳಿಗೆ ಕೊಟ್ಟ ಉಡುಗೊರೆ.

ಇದ್ದದ್ದನ್ನು ಇದ್ದಂತೆ ಹೇಳಿದ್ದರೆ? ಸಾವಿರ ಅರ್ಜಿಗೆ ನಾಲ್ಕು ಮಾತ್ರ ಸರಿ ಇದ್ದವು. ಒಂಬೈನೂರ ತೊಂಬತ್ತಾರು ತಪ್ಪು. ಕೈತಪ್ಪಿನಿಂದ ಹೀಗಾಗಲು ಸಾಧ್ಯವೇ, ನೀವೇ ಹೇಳಿ. ಇಷ್ಟು ಹೇಳಿ ಮೈಕಿನಿಂದ ಹಿಂದೆ ಸರಿದು ನಿಂತಿದ್ದರೆ ಸಾಕಿತ್ತು. ಈ ಮಾತಿಗೆ ದನಿ ಏರಿಸುವ ಅಗತ್ಯ ಇಲ್ಲ, ಯಾರೂ ಇದನ್ನು ಅಲ್ಲಗಳೆಯಲೂ ಆಗದು. ಕೇಳಿದವನ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸುವ ಶಕ್ತಿ ಆ ನಾಲ್ಕು ಎಂಬ ಸಣ್ಣ ಅಂಕಿಯಲ್ಲಿದೆ, ಆರು ಸಾವಿರದಲ್ಲಿಲ್ಲ.

ಲೆಕ್ಕದಿಂದ ಯಾರು ಗೆದ್ದಿದ್ದಾರೆ ಎಂದು ಕೇಳುವವರಿಗೆ ನಮ್ಮದೇ ಸೀಮೆಯ ದೊಡ್ಡ ಗೆಲುವನ್ನು ನೆನಪಿಸಬೇಕು. ಈ ಭಾಗಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನ ಕೇಳಿದ 371(ಜೆ) ಹೋರಾಟದಲ್ಲಿ ಬೀದಿ ಇತ್ತು, ಘೋಷಣೆ ಇತ್ತು, ವೈಜನಾಥ ಪಾಟೀಲರಂಥವರ ಹಟ ಇತ್ತು. ಆದರೆ ಆ ಹಟಕ್ಕೆ ಕಾಲು ಕೊಟ್ಟದ್ದು ಎರಡು ಗಟ್ಟಿ ವಾದಗಳು. ಒಂದು ಹೋಲಿಕೆಯ ವಾದ. 1956ರಲ್ಲಿ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು: ತೆಲಂಗಾಣ ಆಂಧ್ರಕ್ಕೆ, ಮರಾಠವಾಡ ಮುಂಬೈ ರಾಜ್ಯಕ್ಕೆ, ಕನ್ನಡ ಜಿಲ್ಲೆಗಳು ಮೈಸೂರಿಗೆ. ಮರಾಠವಾಡಕ್ಕೆ ಸಂವಿಧಾನದ 371ನೇ ವಿಧಿಯಲ್ಲಿಯೇ ಜಾಗ ಸಿಕ್ಕಿತು. ಆಂಧ್ರಕ್ಕೆ, ಅದರೊಳಗಿನ ತೆಲಂಗಾಣಕ್ಕೂ ಸೇರಿ, 1973ರಲ್ಲಿ 371(ಡಿ) ಬಂತು. ಒಂದೇ ಮನೆಯಿಂದ ಬೇರೆಯಾದ ಮೂವರಲ್ಲಿ ಇಬ್ಬರಿಗೆ ಪಾಲು ಕೊಟ್ಟು ಮೂರನೆಯವನಿಗೆ ಇಲ್ಲ ಎನ್ನಲು ಕಾರಣವೇನು? ಎರಡನೆಯದು ಅಳತೆಯ ವಾದ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 35 ಸೂಚಕಗಳಿಂದ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದವು ಎಂದಿತು. ಅತ್ಯಂತ ಹಿಂದುಳಿದವು 39. ಅವುಗಳಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಹಿಂದುಳಿದಿದ್ದೇವೆ ಎಂಬುದು ಅಲ್ಲಿಯವರೆಗೆ ಅಳಲು. ಆ ವರದಿಯ ನಂತರ ಅದು ಪುರಾವೆ. ಒಮ್ಮೆ ಇಲ್ಲವೆಂದಿದ್ದ ದೆಹಲಿ 2012ರ ಕೊನೆಗೆ ಸಂವಿಧಾನದ 98ನೇ ತಿದ್ದುಪಡಿಗೆ ಒಪ್ಪಿತು. ಬರಿಯ ಗಂಟಲಿಗೆ ಸಂವಿಧಾನ ತಿದ್ದುವ ಶಕ್ತಿ ಇದ್ದಿದ್ದರೆ ಅದು ಎಷ್ಟೋ ಮುಂಚೆ ತಿದ್ದಬೇಕಿತ್ತು.

ಅದೇ ವಾದಕ್ಕೆ ಆಮೇಲೆ ಏನಾಯಿತು ಎಂಬುದೂ ಪಾಠವೇ. ಇವತ್ತಿಗೂ ವೇದಿಕೆಯಿಂದ 2002ರ ಅಂಕಿಗಳನ್ನೇ ನಿನ್ನೆ ಅಳೆದಂತೆ ಹೇಳುವವರಿದ್ದಾರೆ. ಈ ಭಾಗದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಎಂದು ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುವವರು ಘೋಷಣೆಯಾದದ್ದು, ಬಿಡುಗಡೆಯಾದದ್ದು, ಖರ್ಚಾದದ್ದು ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ನುಂಗುತ್ತಾರೆ. ಬೈಯುವವರೂ ಅದೇ ಉಸಿರಿನಲ್ಲಿ ನುಂಗುತ್ತಾರೆ. ಪುರಾವೆ ಪುನಃ ಅಳಲಾಗಿದೆ.

ಇಲ್ಲಿ ಒಂದು ಎಚ್ಚರಿಕೆ. ನಾನು ಅಂಕಿ-ಅಂಶದ ಭಕ್ತನಲ್ಲ. ಗ್ರಾಮಸಭೆಯಲ್ಲಿ ಅಧಿಕಾರಿ ಎದ್ದು, ಕಾಗದದಿಂದ ತಲೆ ಎತ್ತದೆ, ಫಲಾನುಭವಿಗಳ ಸಂಖ್ಯೆ, ಗುರಿ, ಸಾಧನೆ, ಶೇಕಡಾವಾರು ಎಂದು ಓದಿಕೊಂಡು ಹೋಗುವುದನ್ನು ನೀವೂ ಕೇಳಿದ್ದೀರಿ. ಅಂಕಿ ಇದೆ, ವಾದ ಇಲ್ಲ. ಯಾವುದಕ್ಕೆ ಯಾವುದು ಕಾರಣ, ಆದ್ದರಿಂದ ಏನಾಗಬೇಕು ಎಂಬ ಎಳೆ ಇಲ್ಲದ ಅಂಕಿ ದಾರವಿಲ್ಲದ ಮಣಿ. ಅಲ್ಲಿ ಜನ ಆಕಳಿಸಿದರೆ ತಪ್ಪು ಜನರದ್ದಲ್ಲ. ಆವೇಶವಾದಿಗಳು ಈ ಆಕಳಿಕೆಯನ್ನು ತೋರಿಸಿಯೇ ‘ನೋಡಿದಿರಾ, ಜನಕ್ಕೆ ಲೆಕ್ಕ ಬೇಡ’ ಎನ್ನುತ್ತಾರೆ. ಜನಕ್ಕೆ ಬೇಡವಾದದ್ದು ಲೆಕ್ಕದ ಹೆಸರಿನಲ್ಲಿ ಬಂದ ಅಲಕ್ಷ್ಯ.

ಭಾವವೂ ನನ್ನ ವೈರಿಯಲ್ಲ. ಹನ್ನೊಂದು ಕ್ವಿಂಟಲಿನ ಹುಡುಗಿಯ ಮಾತಿನಲ್ಲಿ ಭಾವ ಇರಲಿಲ್ಲವೇ? ಸಭೆ ಸುಮ್ಮನಾದದ್ದು ಮತ್ತೇಕೆ? ಅವಳ ನೋವು ಅವಳ ಲೆಕ್ಕದ ಒಳಗಿಂದ ಬಂತು, ಲೆಕ್ಕದ ಬದಲಿಗೆ ಬರಲಿಲ್ಲ. ಎರಡು ಸಾವಿರದ ಮುನ್ನೂರು ವರ್ಷದ ಹಿಂದೆ ಗ್ರೀಸಿನ ಅರಿಸ್ಟಾಟಲ್ ಭಾಷಣಕಲೆಯ ಮೇಲೆ ಪುಸ್ತಕ ಬರೆಯಲು ಕೂತಾಗ ಮೊದಲ ಅಧ್ಯಾಯದಲ್ಲೇ ಇದೇ ದೂರು ಹೇಳಿಕೊಂಡ: ಕಲೆ ಕಲಿಸುವವರೆಲ್ಲ ಕೇಳುಗರಲ್ಲಿ ಕರುಣೆ, ಕೋಪ ಎಬ್ಬಿಸುವ ಉಪಾಯವನ್ನಷ್ಟೇ ಬರೆಯುತ್ತಾರೆ, ಮನವೊಲಿಕೆಯ ನಿಜವಾದ ದೇಹವಾದ ಪ್ರಮಾಣವನ್ನೇ ಬಿಟ್ಟುಬಿಡುತ್ತಾರೆ ಎಂದು. ಭಾವ ಬೇಡ ಎಂದು ಅವನೂ ಹೇಳಲಿಲ್ಲ; ಅದೇ ಪುಸ್ತಕದಲ್ಲಿ ಕೋಪ, ಭಯ, ಕರುಣೆಗಳ ಮೇಲೆ ಅಧ್ಯಾಯಗಟ್ಟಲೆ ಬರೆದ. ಮಾತಾಡುವವನ ನಡತೆ, ಕೇಳುವವನ ಭಾವ, ಮಾತಿನೊಳಗಿನ ಪ್ರಮಾಣ ಮೂರೂ ಕೂಡಿದರೆ ಬಂಡಿ ನಡೆಯುತ್ತದೆ ಎಂಬುದು ಅವನ ನಿಲುವು. ಜೇವರ್ಗಿಯ ಷಣ್ಮುಖಸ್ವಾಮಿಯ ವಚನ ಓದಿದವರಿಗೆ ಇದು ಹೊಸದಲ್ಲ. ಹೊಲ-ಮನೆಯ ದೃಷ್ಟಾಂತಗಳನ್ನು ಒಂದರ ಮೇಲೊಂದು ಜೋಡಿಸಿ, ಕೇಳುಗ ತಾನೇ ಹೌದು ಎನ್ನುವಲ್ಲಿಗೆ ಕರೆತಂದು, ಆಮೇಲೆ ತೀರ್ಮಾನ ಇಡುವುದು ವಚನಕಾರರ ದಾರಿ. ಭಕ್ತಿ ಅಲ್ಲಿ ತುಂಬಿ ತುಳುಕುತ್ತದೆ. ಎಳೆ ಮಾತ್ರ ಎಲ್ಲಿಯೂ ತಪ್ಪುವುದಿಲ್ಲ.

ಉಳಿದದ್ದು ಅವರ ಕೊನೆಯ ಅಸ್ತ್ರ: ಗೆದ್ದವರನ್ನು ನೋಡು. ಸರಿ, ನೋಡೋಣ. ನೆಲೋಗಿಯ ಧರ್ಮಸಿಂಗ್ ಜೇವರ್ಗಿಯಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ಆರಿಸಿಬಂದರು, 2004ರಲ್ಲಿ ಮುಖ್ಯಮಂತ್ರಿಯಾದರು. 2008ರಲ್ಲಿ ಅದೇ ಜೇವರ್ಗಿಯಲ್ಲಿ ನೂರರೊಳಗಿನ ಮತಗಳಿಂದ ಸೋತರು. ಗೆಲುವಿಗೆ, ಸೋಲಿಗೆ ನೂರೆಂಟು ಕಾರಣ: ಜಾತಿ, ಹಣ, ಪಕ್ಷ, ಗಾಳಿ, ಮಾಡಿದ ಕೆಲಸ. ಅವುಗಳ ನಡುವಿಂದ ಗಂಟಲೊಂದನ್ನೇ ಹೊರಗೆಳೆದು ‘ಇದರಿಂದಲೇ ಗೆದ್ದರು’ ಎನ್ನುವುದು ಕೋಳಿ ಕೂಗಿದ್ದರಿಂದ ಬೆಳಗಾಯಿತು ಎಂಬ ಮುದುಕಿಯ ಲೆಕ್ಕ. ಆದರೆ ಆ ನೂರರೊಳಗಿನ ಅಂತರ ನನಗೆ ಇನ್ನೊಂದು ಮಾತು ಹೇಳುತ್ತದೆ. ಅಂಥ ಚುನಾವಣೆಯನ್ನು ತೀರ್ಮಾನಿಸುವವನು ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಚಪ್ಪಾಳೆ ಹೊಡೆಯುವವನಲ್ಲ. ಅವನು ಮೊದಲೇ ನಿಮ್ಮವನು. ಹಿಂದೆ ಬೇವಿನ ಗಿಡದ ನೆರಳಿನಲ್ಲಿ ಎಲೆಅಡಿಕೆ ಹಾಕಿಕೊಂಡು, ಕೈ ಕಟ್ಟಿ ನಿಂತು, ಇನ್ನೂ ತೂಗುತ್ತಿರುವ ಐವತ್ತು-ನೂರು ಜನ ತೀರ್ಮಾನಿಸುತ್ತಾರೆ. ಮನವೊಲಿಸುವುದು ಎಂದರೆ ಒಲಿಯದವನನ್ನು ಒಲಿಸುವುದು. ಒಲಿದವನ ಚಪ್ಪಾಳೆಯನ್ನು ಎಣಿಸಿ ಮನೆಗೆ ಹೋದ ಭಾಷಣಕಾರ ತನ್ನ ಕೆಲಸ ಶುರುವೇ ಮಾಡಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಸಭೆಗಳನ್ನು ತಿದ್ದುವ ಶಕ್ತಿ ನನಗಿಲ್ಲ, ನಿಮಗೂ ಇರಲಿಕ್ಕಿಲ್ಲ. ಅಂಕಪಟ್ಟಿಯನ್ನು ತಿದ್ದುವ ಶಕ್ತಿ ಇದೆ. ಇವತ್ತಿನ ಚರ್ಚಾ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಗಂಟಲೇ ನಾಳೆ ಗ್ರಾಮ ಪಂಚಾಯಿತಿಯಲ್ಲಿ, ನಾಡಿದ್ದು ವಿಧಾನಸಭೆಯಲ್ಲಿ ಕೂಗುವುದು. ನನ್ನನ್ನು ಕರೆಯುವ ಕಾಲೇಜುಗಳಿಗೆ ಈಗ ಒಂದು ಷರತ್ತು ಹಾಕುತ್ತೇನೆ. ಐವತ್ತು ಅಂಕದಲ್ಲಿ ಇಪ್ಪತ್ತು, ಎದುರಾಳಿಯ ವಾದವನ್ನು ಅವನು ಒಪ್ಪುವಂತೆ ಹೇಳಿ ಅದಕ್ಕೆ ಉತ್ತರ ಕೊಟ್ಟದ್ದಕ್ಕೆ. ಇಪ್ಪತ್ತು, ಭಾಷಣ ಮುಗಿದ ಮೇಲೆ ಕೇಳುಗರಲ್ಲಿ ಒಬ್ಬರು ಎದ್ದು ಕೇಳುವ ಒಂದು ಪ್ರಶ್ನೆಗೆ ಜವಾಬು ಕೊಟ್ಟದ್ದಕ್ಕೆ. ದನಿ, ಹಾವಭಾವ, ಸಮಯ ಎಲ್ಲಕ್ಕೂ ಸೇರಿ ಉಳಿದ ಹತ್ತು. ಭಾಷಾಶುದ್ಧಿ ಎಂಬ ಕಲಮನ್ನು ಹೊಡೆದುಹಾಕಿದ್ದೇನೆ. ‘ನಮ್ಮನ್ಯಾಗ’ ಎಂದು ಶುರುವಾದ ವಾದ ‘ನಮ್ಮ ಗೃಹದಲ್ಲಿ’ ಎಂದರೆ ಗಟ್ಟಿಯಾಗುವುದಿಲ್ಲ. ಕೆಲವರು ಒಪ್ಪುತ್ತಾರೆ. ಕೆಲವರು ‘ಮುಂದಿನ ಸಲ ನೋಡೋಣ್ರಿ’ ಎಂದು ಬೇರೆಯವರನ್ನು ಕರೆಯುತ್ತಾರೆ.

ದೊಡ್ಡ ಸಭೆಯಿಂದ ವಾಪಸು ಬರುವಾಗ ಟಂಟಂನಲ್ಲಿ ಕೂತು ಒಬ್ಬರಿಗೊಬ್ಬರು ಆ ಮುತ್ಯಾನ ಪ್ರಶ್ನೆ ಕೇಳಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ: ಭಾರಿ ಮಾತಾಡ್ದ, ಖರೇ, ಏನಂದ ಅಂವ? ಒಂದು ವಾಕ್ಯದಲ್ಲಿ ಉತ್ತರ ಬಂದರೆ ಭಾಷಣ ಆಯಿತು. ಬಾರದಿದ್ದರೆ ಆದದ್ದು ಬರೀ ಸದ್ದು.

ಇನ್ನೊಂದು ಸಣ್ಣ ಕೆಲಸ ಇದೆ. ಆ ದಿನ ನಾನು ಮೂರು ಹೆಜ್ಜೆ ದೂರದಲ್ಲಿ ಕೂತಿದ್ದೆ, ಕೈಯಲ್ಲಿ ಪೆನ್ನು ಹಿಡಿದು. ಆ ಹುಡುಗಿ ಕತ್ತು ಎತ್ತಿ ಮಾತಾಡುತ್ತಿದ್ದಳು. ಎದ್ದು ಹೋಗಿ ಮೈಕನ್ನು ಅವಳ ಎತ್ತರಕ್ಕೆ ಇಳಿಸಬಹುದಿತ್ತು.